87 ಸಾವಿರ ಅನ್ನೋ ಲೆಕ್ಕ ಅಲ್ಲಿಗೇ ಮುಗಿಯಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಎರಡನೇ ಮಹಾಯುದ್ಧದ ಬಗ್ಗೆ ಬಂದಿದ್ದ ಎರಡು ಪುಟದ ಲೇಖನ ಓದಿದೆ. ಚೆನ್ನಾಗಿತ್ತು, ಫೋಟೋಗಳೂ ಚೆನ್ನಾಗಿದ್ವು, ಬರ್ಲಿನ್, ಹಿರೋಶಿಮಾ, ನಾರ್ಮಂಡಿ ಎಲ್ಲಾ ಬಂದಿತ್ತು. ನಮ್ಮ ದೇಶದ ವಿಷಯ ಮಾತ್ರ ಕೊನೇಲಿ ಒಂದು ಬಾಕ್ಸ್ ಒಳಗೆ ನಾಲ್ಕು ಸಾಲು, 25 ಲಕ್ಷ ಭಾರತೀಯರು ಸೇನೆ ಸೇರಿದ್ರು, ಸುಮಾರು 87 ಸಾವಿರ ಜನ ಪ್ರಾಣ ಕೊಟ್ರು ಅಂತ. ಅಂಕಿ ತಪ್ಪಲ್ಲ. ಆದ್ರೆ ಆ ಯುದ್ಧದಿಂದ ಈ ದೇಶದಲ್ಲಿ ಸತ್ತವರು ಅಷ್ಟೇ ಅಂತ ಓದಿದೋರಿಗೆ ಅನ್ನಿಸುತ್ತಲ್ಲ, ಅದು ತಪ್ಪು. 1943ರ ಬಂಗಾಳದ ಬರಗಾಲದಲ್ಲಿ ಸತ್ತವರನ್ನ ನಾವು ಯಾಕೆ ಯುದ್ಧದ ಲೆಕ್ಕಕ್ಕೆ ಸೇರ್ಸಲ್ಲ? ಇದನ್ನೇ ಕೇಳೋಣ ಅಂತ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸಬೇಡಿ.

ನಮ್ಮ ತಾತ, ಅಂದ್ರೆ ನಮ್ಮಪ್ಪನ ಅಪ್ಪ, ಆ 25 ಲಕ್ಷದಲ್ಲಿ ಒಬ್ರು. ಮಾಲೂರು ತಾಲ್ಲೂಕಿನ ಹಳ್ಳಿ ನಮ್ದು, ಎರಡೆಕರೆ ಖುಷ್ಕಿ, ಮಳೆ ಆದ್ರೆ ರಾಗಿ ಇಲ್ಲಾಂದ್ರೆ ಇಲ್ಲ. ಬೆಂಗಳೂರಲ್ಲಿ ಲಾರಿ ಕ್ಲೀನರ್ ಆಗಿದ್ದು ಹಾಗೇ ಡ್ರೈವಿಂಗ್ ಕಲ್ತಿದ್ರು, 1942ರಲ್ಲಿ ದಂಡಿಗೆ, ಅಂದ್ರೆ ಬೆಂಗಳೂರಿನ ಕಂಟೋನ್ಮೆಂಟಿಗೆ ಹೋಗಿ ಮಿಲ್ಟ್ರಿಗೆ ಭರ್ತಿ ಆದ್ರು, ಲಾರಿ ಓಡ್ಸೋ ಕೆಲಸಕ್ಕೆ. ಇಂಗ್ಲಿಷರ ಮೇಲೆ ಭಕ್ತಿ ಇತ್ತಾ ತಾತ ಅಂತ ನಾನು ಚಿಕ್ಕವನಾಗಿದ್ದಾಗ ಕೇಳಿದ್ದೆ. "ಮೂರು ಹೊತ್ತು ಊಟ ಇತ್ತು ಕಣಪ್ಪ, ತಿಂಗಳಾ ತಿಂಗಳಾ ಮನೆಗೆ ದುಡ್ಡು ಹೋಗ್ತಿತ್ತು" ಅಂದ್ರು ಅಷ್ಟೇ. ಸೇನೆ ಸೇರಿದೋರಲ್ಲಿ ಬಹಳ ಜನರ ಕಥೆ ಇದೇ ಅಂತ ನನಗನ್ಸುತ್ತೆ. ಈ ದೇಶಾನ ಯುದ್ಧಕ್ಕೆ ಇಳಿಸೋವಾಗ ಇಲ್ಲಿನ ಜನಾನ ಯಾರೂ ಕೇಳ್ಲಿಲ್ಲ, 1939ರ ಸೆಪ್ಟೆಂಬರ್ 3ಕ್ಕೆ ವೈಸರಾಯ್ ಲಿನ್‌ಲಿತ್‌ಗೋ ಭಾರತ ಯುದ್ಧದಲ್ಲಿದೆ ಅಂತ ಘೋಷಣೆ ಮಾಡಿದ್ರು, ಒಬ್ಬ ಭಾರತೀಯ ನಾಯಕರನ್ನೂ ಕೇಳದೆ, ಅದಕ್ಕೇ ಕಾಂಗ್ರೆಸ್ ಸರ್ಕಾರಗಳೆಲ್ಲಾ ರಾಜೀನಾಮೆ ಕೊಟ್ಟು ಹೊರಗೆ ಬಂದ್ವು. ಆಗ ಎರಡು ಲಕ್ಷದ ಆಸುಪಾಸು ಇದ್ದ ಸೇನೆ 1945ಕ್ಕೆ 25 ಲಕ್ಷ ಆಗಿತ್ತು.

ಹೊರಗೆ ಹೋಗಿ ನಮ್ಮೋರು ಮಾಡಿದ್ದೇನು ಕಮ್ಮಿ ಅಲ್ಲ. ಎರಿಟ್ರಿಯಾದ ಕೆರೆನ್ ಗುಡ್ಡಗಳು, ಈಜಿಪ್ಟಿನ ಎಲ್ ಅಲಮೈನ್, ಇಟಲಿಯ ಮಾಂಟೆ ಕ್ಯಾಸಿನೊ, ಬರ್ಮಾ, ಎಲ್ಲಾ ಕಡೆ ಇದ್ರು. ನಮ್ಮ ಹಲಸೂರು ಕೆರೆ ಪಕ್ಕದಲ್ಲೇ ಇರೋ ಮದ್ರಾಸ್ ಸ್ಯಾಪರ್ಸ್ ಅನ್ನೋ ಸೇನೆಯ ಇಂಜಿನಿಯರ್ ದಳದ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರವರಿಯಲ್ಲಿ ಇಟಲಿಯಲ್ಲಿ ಜೊತೆಗಿದ್ದೋರನ್ನ ಉಳಿಸೋಕೆ ಸಿಡಿಯೋ ಮೈನ್ ಮೇಲೆ ತಾವೇ ಬಿದ್ದು ಸತ್ರು, ಜಾರ್ಜ್ ಕ್ರಾಸ್ ಅನ್ನೋ ಶೌರ್ಯ ಪದಕ ಬಂತು. ಬೆಳಗಾವಿಯಲ್ಲಿ ಸೆಂಟರ್ ಇರೋ ಮರಾಠಾ ರೆಜಿಮೆಂಟಿನ ಯಶವಂತ ಘಾಡ್ಗೆ, ನಾಮದೇವ ಜಾಧವ್ ಇಬ್ರಿಗೂ ಇಟಲಿಯ ಯುದ್ಧಕ್ಕೇ ವಿಕ್ಟೋರಿಯಾ ಕ್ರಾಸ್. ಮೈಸೂರು ಇನ್‌ಫೆಂಟ್ರಿಯೋರು ಸಿಂಗಾಪುರದಲ್ಲಿ ಸೆರೆ ಸಿಕ್ರು. ಕೊಡಗಿನ ತಿಮ್ಮಯ್ಯನವರು ಬರ್ಮಾದಲ್ಲಿ ಜಪಾನಿನ ವಿರುದ್ಧ ಹೋರಾಡ್ತಿದ್ರೆ ಅವರ ಸ್ವಂತ ಸಹೋದರ ಜಪಾನಿನ ಜೊತೆಗಿದ್ದ ನೇತಾಜಿಯ ಐಎನ್‌ಎ ಸೈನ್ಯ ಸೇರಿದ್ರು, ಒಂದೇ ಮನೆ, ಎದುರುಬದುರು. ಇಂಥವು ನಮ್ಮ ಮಕ್ಕಳಿಗೆ ಎಷ್ಟು ಗೊತ್ತು? ನಿಮ್ಮ ಲೇಖನದಲ್ಲಿ ಇದಕ್ಕೂ ಜಾಗ ಇರ್ಲಿಲ್ಲ, ಅದೂ ಒಂದು ಬೇಜಾರು. ಆದ್ರೆ ನಾನು ಹೇಳ್ಬೇಕು ಅಂದ್ಕೊಂಡಿರೋದು ಬೇರೆ.

1943ರ ಸೆಪ್ಟೆಂಬರಲ್ಲಿ ತಾತನ ಕಂಪನೀನ ಬೆಂಗಳೂರಿಂದ ಅಸ್ಸಾಂ ಕಡೆ ಕಳ್ಸಿದ್ರು. ಹೌರಾದಲ್ಲಿ ಇಳಿದು ಸಿಯಾಲ್ದಾ ಸ್ಟೇಷನ್ನಿಗೆ ಹೋಗಿ ಅಲ್ಲಿಂದ ಬೇರೆ ರೈಲು ಹತ್ತಬೇಕು. ಸಿಯಾಲ್ದಾದಲ್ಲಿ ಒಂದು ರಾತ್ರಿ ಒಂದು ಹಗಲು ಕಾಯೋಕೆ ಹಾಕಿದ್ರಂತೆ. ಸ್ಟೇಷನ್ ಹೊರಗೆ ಫುಟ್‌ಪಾತ್ ಉದ್ದಕ್ಕೂ ಜನ ಮಲಗಿದ್ರು, ಮೊದಲು ಯಾವುದೋ ಜಾತ್ರೆಗೆ ಬಂದೋರಿರಬೇಕು ಅಂದ್ಕೊಂಡ್ರಂತೆ ತಾತ, ಹತ್ರ ಹೋದ್ಮೇಲೆ ಗೊತ್ತಾಯ್ತು ಅರ್ಧ ಜನ ಏಳೋ ಸ್ಥಿತೀಲಿಲ್ಲ ಅಂತ. ಇವರ ಅಡುಗೆಯೋರು ದೊಡ್ಡ ಡೇಗಿಯಲ್ಲಿ ಅನ್ನ ಮಾಡಿ ಗಂಜಿ ಬಸೀತಿದ್ರು. ಹೆಂಗಸರು, ಮಕ್ಕಳು ತಗಡಿನ ಡಬ್ಬ, ತೆಂಗಿನ ಚಿಪ್ಪು ಹಿಡ್ಕೊಂಡು ಬಂದು ನಿಂತು "ಫ್ಯಾನ್ ದಾವ್, ಫ್ಯಾನ್ ದಾವ್" ಅಂತಿದ್ರು. ಬಂಗಾಳಿಯಲ್ಲಿ ಫ್ಯಾನ್ ಅಂದ್ರೆ ಗಂಜಿ. "ಅನ್ನ ಕೇಳ್ಲಿಲ್ಲ ಕಣಪ್ಪ, ಗಂಜಿ ಕೇಳಿದ್ರು. ಅನ್ನ ಯಾರೂ ಕೊಡಲ್ಲ ಅಂತ ಅವರಿಗೆ ಗೊತ್ತಾಗೋಗಿತ್ತು" ಅಂತಿದ್ರು ತಾತ. ಇದನ್ನ ಅವರು ನಮಗೆ ಹೇಳಿದ್ದು ಮೂರೋ ನಾಲ್ಕೋ ಸಲ ಇರಬಹುದು, ಹೇಳ್ದಾಗೆಲ್ಲಾ ಇದೇ ಮಾತು, ಒಂದು ಅಕ್ಷರ ಹೆಚ್ಚುಕಮ್ಮಿ ಇಲ್ಲ.

ಆಮೇಲೆ ಅವರಿಗೆ ಸಿಕ್ಕಿದ್ದ ಡ್ಯೂಟಿ ಯಾವ್ದು ಗೊತ್ತಾ, ಈಗಿನ ನಾಗಾಲ್ಯಾಂಡಿನ ದಿಮಾಪುರದಿಂದ ಕೊಹಿಮಾ ಮೇಲೆ ಮಣಿಪುರದ ಇಂಫಾಲಕ್ಕೆ ಹೋಗೋ ಘಾಟಿ ರಸ್ತೇಲಿ ಸೈನ್ಯದ ರೇಷನ್ ಲಾರಿ ಓಡ್ಸೋದು. ಅಕ್ಕಿ, ಹಿಟ್ಟು, ಬೇಳೆ. ಗಂಜಿಗೆ ಕೈಯೊಡ್ಡಿದೋರನ್ನ ನೋಡ್ಕೊಂಡು ಹೋದ ಮನುಷ್ಯ ವರ್ಷಗಟ್ಟಲೆ ಅಕ್ಕಿ ಮೂಟೆ ಸಾಗಿಸಿದ್ರು. ಆ ಅಕ್ಕಿ ಇಲ್ದಿದ್ರೆ ಇಂಫಾಲದಲ್ಲಿದ್ದ ಸೈನ್ಯ ನಿಲ್ತಿರ್ಲಿಲ್ಲ, ಅದೂ ನಿಜ. 1944ರ ಮಾರ್ಚ್ ಕೊನೇಲಿ ಜಪಾನಿನೋರು ಕೊಹಿಮಾಗೂ ಇಂಫಾಲಕ್ಕೂ ಮಧ್ಯೆ ರಸ್ತೆ ಕತ್ತರಿಸಿದ್ರು, ಜೂನ್ 22ಕ್ಕೆ ಮತ್ತೆ ತೆರೀತು, ಅಲ್ಲೀವರ್ಗೂ ಇಂಫಾಲಕ್ಕೆ ವಿಮಾನದಲ್ಲೇ ಎಲ್ಲಾ ಹೋಗ್ತಿತ್ತು. ಕೊಹಿಮಾ ಇರೋದು ದಿಮಾಪುರದಿಂದ 46ನೇ ಮೈಲಿಗೆ. ತಾತ ಊರಿನ ಹೆಸರು ಹೇಳ್ತಾನೇ ಇರ್ಲಿಲ್ಲ, "ನಲವತ್ತಾರನೇ ಮೈಲಿ" ಅನ್ನೋರು.

ಈಗ ಬರಗಾಲಕ್ಕೂ ಯುದ್ಧಕ್ಕೂ ಏನು ಸಂಬಂಧ, ಮಳೆ ಹೋಗಿರಬೇಕು ಅಷ್ಟೇ ಅನ್ನೋರಿದ್ದಾರೆ, ನಮ್ಮ ಊರಿನ ಮೇಷ್ಟ್ರೊಬ್ರೇ ನನ್ನ ಹತ್ರ ವಾದ ಮಾಡಿದ್ರು. 1942ರ ಅಕ್ಟೋಬರಲ್ಲಿ ಮಿಡ್ನಾಪುರದ ಕಡೆ ಚಂಡಮಾರುತ ಹೊಡೆದು ಬೆಳೆ ಹೋಗಿದ್ದು ಹೌದು. ಆದ್ರೆ ಅದಕ್ಕೆ ಮುಂಚೆ ಮಾರ್ಚಲ್ಲಿ ರಂಗೂನ್ ಜಪಾನಿನ ಕೈಗೆ ಬಿದ್ದು ಬರ್ಮಾದ ಅಕ್ಕಿ ಬರೋದು ನಿಂತಿತ್ತು. ಜಪಾನಿನೋರು ಬಂದ್ರೆ ಅವರ ಕೈಗೆ ಏನೂ ಸಿಗಬಾರದು ಅಂತ ಸರ್ಕಾರ ಬಂಗಾಳದ ಕರಾವಳಿ ಜಿಲ್ಲೆಗಳಲ್ಲಿ ಹೆಚ್ಚುವರಿ ಅಕ್ಕಿ ಎತ್ತಿಸಿ, ಹತ್ತು ಜನಕ್ಕಿಂತ ಜಾಸ್ತಿ ಹೊರೋ ದೋಣಿಗಳನ್ನೆಲ್ಲಾ ಕಿತ್ಕೊಳ್ತು ಇಲ್ಲಾ ನಾಶ ಮಾಡ್ತು. ನದಿಗಳ ನಾಡು ಅದು, ದೋಣಿ ಹೋದ್ರೆ ಮೀನು ಹಿಡಿಯೋನ ಹೊಟ್ಟೆಪಾಡೂ ಹೋಯ್ತು, ಅಕ್ಕಿ ಒಂದು ಊರಿಂದ ಇನ್ನೊಂದು ಊರಿಗೆ ಹೋಗೋ ದಾರೀನೂ ಹೋಯ್ತು. ಯುದ್ಧದ ಖರ್ಚಿಗೆ ನೋಟು ಮುದ್ರಿಸಿ ಮುದ್ರಿಸಿ ಬೆಲೆ ಏರಿತ್ತು, ಕಲ್ಕತ್ತದ ಫ್ಯಾಕ್ಟರಿ, ಬಂದರಿನ ಕೆಲಸದೋರಿಗೆ ಮೊದಲು ಅನ್ನ ಅಂತಾಯ್ತು, ಬೇರೆ ಪ್ರಾಂತ್ಯಗಳು ಧಾನ್ಯ ಹೊರಗೆ ಬಿಡಲ್ಲ ಅಂದ್ವು. ಕಲ್ಕತ್ತದಲ್ಲಿ ಅಕ್ಕಿ 1942ರ ಡಿಸೆಂಬರಲ್ಲಿ ಮಣಕ್ಕೆ (ಅಲ್ಲಿನ ಮಣ ಅಂದ್ರೆ ಸುಮಾರು 37 ಕೆಜಿ) 13-14 ರೂಪಾಯಿ ಇದ್ದಿದ್ದು ಮುಂದಿನ ಮೇ ಹೊತ್ತಿಗೆ 30 ದಾಟ್ತು. ಕೂಲಿ ಮಾಡೋನು ಎಲ್ಲಿಂದ ತರ್ತಾನೆ? ಹಡಗಲ್ಲಿ ಧಾನ್ಯ ಕಳ್ಸಿ ಅಂತ ಇಲ್ಲಿಂದ ಲಂಡನ್ನಿಗೆ ಮತ್ತೆ ಮತ್ತೆ ಕೇಳಿದ್ರೂ ಚರ್ಚಿಲ್ ಸಂಪುಟ ಯುದ್ಧಕ್ಕೇ ಹಡಗು ಸಾಲದು ಅಂದು, ಕೇಳಿದಷ್ಟು ಕಳ್ಸಲೇ ಇಲ್ಲ. ಆಮೇಲೆ ಸರ್ಕಾರವೇ ನೇಮಿಸಿದ ವಿಚಾರಣಾ ಆಯೋಗ ಸತ್ತೋರು ಸುಮಾರು 15 ಲಕ್ಷ ಅಂತು, ಮುಂದೆ ಲೆಕ್ಕ ಹಾಕಿದ ಅಮರ್ತ್ಯ ಸೇನ್ ಅಂಥೋರು 30 ಲಕ್ಷದ ಹತ್ರ ಅಂದ್ರು. ಸಣ್ಣದು ಅಂದ ಲೆಕ್ಕಾನೇ ತಗೊಂಡ್ರೂ 87 ಸಾವಿರದ ಪಕ್ಕ ಇಟ್ಟು ನೋಡಿ.

ನೀವು ಸಂಪಾದಕರು, ಆದ್ರಿಂದ ಇದನ್ನ ನಿಮಗೆ ಹೇಳಲೇಬೇಕು. ಆಗ ಸರ್ಕಾರ ಇದನ್ನ ಬರಗಾಲ ಅಂತ ಅಧಿಕೃತವಾಗಿ ಘೋಷಣೆ ಮಾಡ್ಲೇ ಇಲ್ಲ, ಪತ್ರಿಕೆಗಳ ಮೇಲೆ ಯುದ್ಧದ ಸೆನ್ಸಾರ್ ಇತ್ತು. ಕಲ್ಕತ್ತದ ಸ್ಟೇಟ್ಸ್‌ಮನ್ ಪತ್ರಿಕೆ ಇಂಗ್ಲಿಷರದ್ದೇ, ಸಂಪಾದಕ ಇಯಾನ್ ಸ್ಟೀಫನ್ಸ್ ಕೂಡ ಇಂಗ್ಲಿಷರೇ, ಆದ್ರೂ 1943ರ ಆಗಸ್ಟ್ 22ರ ಭಾನುವಾರ ಬೀದೀಲಿ ಬಿದ್ದಿದ್ದ ಜನರ ಫೋಟೋಗಳನ್ನ ಹಾಕಿಬಿಟ್ರು. ದೆಹಲಿಗೂ ಲಂಡನ್ನಿಗೂ ವಿಷಯ ಮುಚ್ಚಿಡೋಕೆ ಆಗದ ಹಾಗೆ ಆಗಿದ್ದು ಆಮೇಲೆ. ಒಂದು ಪತ್ರಿಕೆ ಮನಸ್ಸು ಮಾಡಿದ್ರೆ ಆಗುತ್ತೆ ಅನ್ನೋಕೆ ಇದಕ್ಕಿಂತ ಬೇರೆ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಕಡೆ ಅಷ್ಟು ಸಾವು ಇರ್ಲಿಲ್ಲ, ನಿಜ. ಆದ್ರೆ ಯುದ್ಧ ಮನೆ ಒಳಗೆ ಬಂದಿತ್ತು. ನಮ್ಮಜ್ಜಿ ಇನ್ನೂ ಇದ್ದಾರೆ, ಅವರಿಗೆ ಆ ಕಾಲ ಅಂದ್ರೆ "ಕಂಟ್ರೋಲು". ಅಕ್ಕಿಗೆ ಕಂಟ್ರೋಲು, ಸೀಮೆಎಣ್ಣೆಗೆ ಕಂಟ್ರೋಲು, ಬಟ್ಟೆಗೂ ಕಂಟ್ರೋಲು. 1942ರ ಏಪ್ರಿಲಲ್ಲಿ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಜಪಾನ್ ಬಾಂಬ್ ಹಾಕ್ತು ಅಂತ ಸುದ್ದಿ ಬಂದ್ಮೇಲೆ ಮದ್ರಾಸಿನೋರು ಟ್ರಂಕು, ಹಾಸಿಗೆ ಸುರುಳಿ ಹೊತ್ಕೊಂಡು ರೈಲು ತುಂಬಾ ಬಂದ್ರಂತೆ, ಮಾಲೂರು ಸ್ಟೇಷನ್ನಲ್ಲಿ ನೀರು ಕೊಡೋಕೆ ಊರಿಂದ ಬಿಂದಿಗೆ ತಗೊಂಡು ಹೋಗಿದ್ದು ಅವರಿಗೆ ನೆನಪಿದೆ. ಅವರ ಎಲೆಅಡಿಕೆ ಡಬ್ಬೀಲಿ ಈಗಲೂ ಐದು ತೂತು ಕಾಸು ಇವೆ, ಬಳೆ ಥರ ಮಧ್ಯೆ ದೊಡ್ಡ ತೂತು, ಮೇಲೆ 1943, 1944 ಅಂತ ಇಸವಿ. ತಾಮ್ರ ಉಳಿಸೋಕೆ ಕಾಸಿನ ಹೊಟ್ಟೆ ಕೊರೆದಿದ್ರು ಆಗ. ಹುಡುಗೀರು ದಾರ ಪೋಣಿಸಿ ಕತ್ತಿಗೆ ಹಾಕ್ಕೊಳ್ಳೋರಂತೆ.

ಲಾಭ ಮಾಡ್ಕೊಂಡೋರೂ ಇದ್ರು ಅನ್ನೋದನ್ನ ಮುಚ್ಚಿಡಬಾರದು. ಜಪಾನಿನ ರೇಷ್ಮೆ ನಿಂತು ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ಮೈಸೂರು ಸೀಮೆ ಗೂಡಿಗೆ ರೇಟು ಬಂತು, ನಮ್ಮ ಜಿಲ್ಲೇಲಿ ಹಿಪ್ಪುನೇರಳೆ ಇದ್ದೋರು ಆಗ ಮಾಡಿದ ದುಡ್ಡಲ್ಲಿ ಹೆಂಚಿನ ಮನೆ ಕಟ್ಟಿದ್ರು. ಬೆಂಗಳೂರಿನ ಎಚ್‌ಎಎಲ್ ಹುಟ್ಟಿದ್ದೂ ಇದೇ ಯುದ್ಧದಲ್ಲಿ, 1940ರ ಡಿಸೆಂಬರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ್ದು, ಆಮೇಲೆ ಅಮೆರಿಕದ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರ್ತಿದ್ವು. ಅದೇ ಹೊತ್ತಿಗೆ ನಮ್ಮ ಶಿವಮೊಗ್ಗದ ಈಸೂರಿನೋರು ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಊರಿಗೇ ಸ್ವಾತಂತ್ರ್ಯ ಸಾರಿ, ಐದು ಜನ 1943ರ ಮಾರ್ಚಲ್ಲಿ ಗಲ್ಲಿಗೆ ಹೋದ್ರು. ಇದಿಷ್ಟೂ ಒಂದೇ ಯುದ್ಧದ ಒಳಗೆ ಆಗಿದ್ದು. ಪಠ್ಯಪುಸ್ತಕದಲ್ಲಿ ಮಾತ್ರ ಕ್ವಿಟ್ ಇಂಡಿಯಾ ಒಂದು ಪಾಠ, ಹಿಟ್ಲರ್ ಇನ್ನೊಂದು ಪಾಠ, ಬಂಗಾಳ ಸಿಕ್ಕಿದ್ರೆ ಒಂದು ವಾಕ್ಯ.

ಎರಡು ವರ್ಷದ ಹಿಂದೆ ನಾನು ಕೊಹಿಮಾಗೆ ಹೋಗಿದ್ದೆ, ತಾತ ಹೇಳ್ತಿದ್ದ ಜಾಗ ನೋಡ್ಲೇಬೇಕು ಅಂತ. ಯುದ್ಧದಲ್ಲಿ ಸತ್ತ ಸೈನಿಕರ ಸಮಾಧಿಗಳನ್ನ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದಾರೆ ಅಂದ್ರೆ ಹುಲ್ಲಿನ ಒಂದು ಎಳೆ ಆಚೀಚೆ ಇಲ್ಲ. ಅಲ್ಲೇ ದಹನ ಮಾಡಿದ ಹಿಂದೂ, ಸಿಖ್ ಸೈನಿಕರಿಗೆ ಬೇರೆ ಸ್ಮಾರಕ ಇದೆ, 917 ಹೆಸರು. ಒಂದೊಂದೇ ಓದ್ತಾ ನಿಂತಿದ್ದೆ, ಡ್ರೈವರ್ ಅಂತ ಕಂಡಲ್ಲೆಲ್ಲಾ ಎದೆ ಹಿಂಡಿದ ಹಾಗಾಗ್ತಿತ್ತು. ವಾಪಸ್ ಬರ್ತಾ ಕಲ್ಕತ್ತದಲ್ಲಿ ಎರಡು ದಿನ ಇದ್ದೆ, ಸಿಯಾಲ್ದಾ ಸ್ಟೇಷನ್ ಸುತ್ತ ಓಡಾಡಿ, ಬರಗಾಲದಲ್ಲಿ ಸತ್ತೋರಿಗೆ ಅಂತ ಒಂದು ಕಲ್ಲಾದ್ರೂ ಇದ್ಯಾ ಅಂತ ಟೀ ಅಂಗಡಿಯೋರನ್ನ, ಪುಸ್ತಕದಂಗಡಿಯೋರನ್ನ ಕೇಳ್ದೆ. ಯಾರೂ ತೋರಿಸ್ಲಿಲ್ಲ. ಗುಂಡು ತಗುಲಿ ಸತ್ತೋರ ಹೆಸರು ಕಲ್ಲಲ್ಲಿದೆ, ಇರಲೇಬೇಕು. ಅದೇ ಯುದ್ಧಕ್ಕೋಸ್ಕರ ದೋಣಿ ಕಳ್ಕೊಂಡು, ಅಕ್ಕಿ ಕಳ್ಕೊಂಡು ಸತ್ತೋರ ಹೆಸರು ಬರೆದುಕೊಂಡೋರೂ ಇಲ್ಲ.

ಆದ್ರಿಂದ ನನ್ನ ಕೋರಿಕೆ ಇಷ್ಟು. ಒಂದು, ಇನ್ಮೇಲೆ ನಿಮ್ಮ ಪತ್ರಿಕೇಲಿ ಈ ಯುದ್ಧದಲ್ಲಿ ಭಾರತದ ಸಾವಿನ ಲೆಕ್ಕ ಕೊಡೋವಾಗ 87 ಸಾವಿರದ ಜೊತೆ ಬಂಗಾಳದ ಲೆಕ್ಕಾನೂ ಕೊಡಿ, ಅದೇ ಸಾಲಲ್ಲಿ, ಅದೇ ಅಕ್ಷರದ ಸೈಜಲ್ಲಿ. ಮತ್ತೆ, ಕೋಲಾರ, ಕೊಡಗು, ಬೆಳಗಾವಿ, ಕೆಜಿಎಫ್, ದಂಡಿನ ಗಲ್ಲಿಗಳು, ಇಲ್ಲೆಲ್ಲಾ ಎಷ್ಟೋ ಮನೆಗಳ ಟ್ರಂಕಲ್ಲಿ ಪದಕ, ಪೇ ಬುಕ್ಕು, ಕಾಗದ ಬಿದ್ದಿವೆ. ನಾನೇ ತಾತನ ಸರ್ವೀಸ್ ರೆಕಾರ್ಡ್ ಹುಡುಕಿಕೊಂಡು ಒಂದು ಕಚೇರಿಗೆ ಐದು ಸಲ ಅಲೆದೆ, ಹಳೇ ಫೈಲು ಇಲ್ಲ ಅಂದ್ರು, ಅಲ್ಲಿಗೆ ಆ ದಾರಿ ಮುಗೀತು. ವಾರಕ್ಕೊಂದು ಕಾಲಂ ಕೊಟ್ಟು ಅಂಥ ಮನೆಗಳಿಂದ ಬರೆಸಿ, ಹೊರಗೆ ಹೋದೋರದ್ದು ಮಾತ್ರ ಅಲ್ಲ, ಮನೇಲಿ ಉಳಿದೋರದ್ದೂ.

ತಾತ 1991ರಲ್ಲಿ ಹೋದ್ರು. ಇರೋವರ್ಗೂ ನಮ್ಮನೇಲಿ ಅನ್ನ ಬಸಿದ ಗಂಜೀನ ಬಚ್ಚಲಿಗೆ ಚೆಲ್ಲೋಕೆ ಬಿಡ್ಲಿಲ್ಲ, ಹಿತ್ತಾಳೆ ಚೊಂಬಲ್ಲಿ ಆರೋಕಿಟ್ಟು ಉಪ್ಪು ಹಾಕಿ ತಾವೇ ಕುಡಿಯೋರು, ಹಬ್ಬದ ದಿನಾನೂ. ಅವರ ಎರಡು ಪದಕ ನನ್ನ ಹತ್ರ ಇವೆ, ಒಂದು ಬರ್ಮಾ ಸ್ಟಾರ್, ಇನ್ನೊಂದರ ಹಿಂದೆ ಒಡೆಯೋಕೆ ಮುಂಚಿನ ಇಡೀ ಭಾರತದ ನಕ್ಷೆ ಇದೆ. ಅದರ ಫೋಟೋ ಬೇಕಿದ್ರೆ ಕಳಿಸ್ತೀನಿ. ಅಜ್ಜಿಗೆ ಈಗ 96 ನಡೀತಿದೆ, ಒಂದು ಕಿವಿ ಮಂದ, ಮಧ್ಯಾಹ್ನದ ಮೇಲೆ ಮಾತು ಕಮ್ಮಿ. ನಿಮ್ಮ ವರದಿಗಾರರನ್ನ ಯಾರನ್ನಾದ್ರೂ ಕಳ್ಸೋದಾದ್ರೆ ಬೆಳಗ್ಗೆ ಹತ್ತು ಗಂಟೆ ಒಳಗೆ ಕಳ್ಸಿ, ಆದಷ್ಟು ಬೇಗ ಕಳ್ಸಿ.

ಇಂತಿ,
ನಿಮ್ಮ ಖಾಯಂ ಓದುಗ
ಮಾಲೂರು ತಾಲ್ಲೂಕು, ಕೋಲಾರ ಜಿಲ್ಲೆ