ಭಾನುವಾರದ ಓಟ್‌ರೀವ್ ಪ್ರವಾಸ: ಹೊರಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ನಾವು ಹೋಗುತ್ತಿರುವ ಓಟ್‌ರೀವ್, ಫ್ರಾನ್ಸಿನ ದ್ರೋಮ್ ಜಿಲ್ಲೆಯ ಚಿಕ್ಕ ಹಳ್ಳಿ. ಲಿಯೋನ್‌ನಿಂದ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ. ಊರಿಗೆ ರೈಲು ಇಲ್ಲ. ಯಾರ ಕಾರಿನಲ್ಲಿ ಜಾಗ ಇದೆ ಅಂತ ಶುಕ್ರವಾರ ಸಂಜೆಯೊಳಗೆ ಇಲ್ಲೇ ಹಾಕಿ.

ನೋಡಬೇಕಾದದ್ದು ಒಬ್ಬ ಪೋಸ್ಟ್‌ಮ್ಯಾನ್ ಕಟ್ಟಿದ ಅರಮನೆ! 1879ರಲ್ಲಿ ಟಪಾಲು ಹಂಚುತ್ತಾ ಹೋಗುವಾಗ ಫೆರ್ಡಿನಾಂಡ್ ಶೆವಾಲ್ ವಿಚಿತ್ರ ಆಕಾರದ ಕಲ್ಲೊಂದನ್ನು ಎಡವಿದರು. ಆಗ ವಯಸ್ಸು 43. ಅಲ್ಲಿಂದ ಶುರು. ದಾರಿಯಲ್ಲಿ ಸಿಕ್ಕ ಕಲ್ಲುಗಳು ಮೊದಲು ಜೇಬಿಗೆ, ಆಮೇಲೆ ಬುಟ್ಟಿಗೆ, ಕೊನೆಗೆ ತಳ್ಳುಗಾಡಿಗೆ. ಗಾರೆ ಕೆಲಸ ಕಲಿತವರಲ್ಲ. ಆದರೂ 33 ವರ್ಷ ಒಬ್ಬರೇ ಕಟ್ಟಿ 1912ರಲ್ಲಿ ಮುಗಿಸಿದರು. ಉದ್ದ 26 ಮೀಟರ್. '10 ಸಾವಿರ ದಿನ, 93 ಸಾವಿರ ಗಂಟೆ' ಅಂತ ಗೋಡೆ ಮೇಲೆ ಅವರೇ ಲೆಕ್ಕ ಬರೆದಿದ್ದಾರೆ, ಹುಡುಕಿ ನೋಡಿ.

ಪೂರ್ವದ ಕಡೆ ಸೀಸರ್, ವೆರ್ಸಿಂಜೆಟೋರಿಕ್ಸ್ (ಸೀಸರ್ ವಿರುದ್ಧ ಹೋರಾಡಿದ ಪ್ರಾಚೀನ ಫ್ರಾನ್ಸಿನ ನಾಯಕ), ಆರ್ಕಿಮಿಡೀಸ್ ಮೂವರೂ ದೈತ್ಯರಾಗಿ ನಿಂತಿದ್ದಾರೆ. ಪಶ್ಚಿಮದಲ್ಲಿ ಮಸೀದಿಯೂ ಇದೆ, ಹಿಂದೂ ದೇವಸ್ಥಾನವೂ ಇದೆ. ನಮ್ಮೂರ ಗುಡಿ ತರ ಇರುತ್ತೆ ಅಂದುಕೊಳ್ಳಬೇಡಿ, ಶೆವಾಲ್ ಭಾರತಕ್ಕೆ ಬಂದವರೇ ಅಲ್ಲ. ನನಗಂತೂ ಇಷ್ಟವಾದದ್ದು ತಳ್ಳುಗಾಡಿಗೆ ಅಂತಲೇ ಮಾಡಿಟ್ಟ ಗೂಡು. 1969ರಲ್ಲಿ ಸಂಸ್ಕೃತಿ ಮಂತ್ರಿ ಆಂದ್ರೆ ಮಾಲ್ರೋ ಇದಕ್ಕೆ ರಾಷ್ಟ್ರೀಯ ಸ್ಮಾರಕದ ರಕ್ಷಣೆ ಕೊಡಿಸಿದರು.

ಊರಿನ ಸ್ಮಶಾನಕ್ಕೂ ಹೋಗೋಣ. ಅರಮನೆಯಲ್ಲೇ ಹೂಳಲು ಅನುಮತಿ ಸಿಗದೆ, ಶೆವಾಲ್ ಅಲ್ಲಿ ಎಂಟು ವರ್ಷ ದುಡಿದು ತಮ್ಮ ಸಮಾಧಿಯನ್ನೂ ತಾವೇ ಕಟ್ಟಿಕೊಂಡರು. ತೀರಿಕೊಂಡದ್ದು 1924ರಲ್ಲಿ.

ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಒಳಗಿನ ಮೆಟ್ಟಿಲು ಕಿರಿದು, ಮಕ್ಕಳ ಕೈ ಹಿಡಿದುಕೊಳ್ಳಿ. ಪುಳಿಯೋಗರೆ ತರುವವರು ಇಲ್ಲಿ ಹೆಸರು ಹಾಕಿ.