ಮೂರು ರೇಡಿಯೋ, ಮೂರು ಏರಿಯಲ್

ಶಿಕಾಗೊ

ತೀರ್ಥರೂಪ ಅಪ್ಪಯ್ಯನಿಗೆ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ.

ಶಿರಸಿಯಲ್ಲಿ ಹಗಲು ಹೊತ್ತೂ ಧಾರವಾಡ ಚೆನ್ನಾಗಿ ಕೇಳುವ ಹಳೇ ರೇಡಿಯೋ ಬೇಕು ಅಂದಿದ್ದಿರಿ. ಮೇಜಿನ ಮೇಲೆ ಮೂರಿವೆ.

ಒಂದು ಜೇಬಿನ ಸೆಟ್ಟು. ಹೆಸರು ಅಳಿಸಿಹೋಗಿದೆ, ಆದರೆ ಡಯಲ್ಲಿನಲ್ಲಿ 640 ಮತ್ತು 1240 ಕಿಲೋಹರ್ಟ್ಸ್‌ನ ಹತ್ತಿರ ಪುಟ್ಟ ತ್ರಿಕೋನಗಳಿವೆ. ಯುದ್ಧ ಬಂದರೆ ಜನ ಆ ಎರಡು ಕಡೆ ಮುಳ್ಳು ತಿರುಗಿಸಲಿ ಎಂದು ಅಮೆರಿಕ ಸರ್ಕಾರ 1953ರಿಂದ 1963ರವರೆಗೆ ಹಾಕಿಸಿದ ಗುರುತು ಅದು. ಕಾಲ ತಿಳಿಯಲು ಅಷ್ಟು ಸಾಕು. ಒಳಗೆ ಏರಿಯಲ್ಲಾಗಿ ಸ್ಟೇಷನ್ ಹಿಡಿಯುವ ಫೆರೈಟ್ ಕಡ್ಡಿ, ಅಂದರೆ ತಂತಿ ಸುತ್ತಿದ ಕಪ್ಪು ಕಾಂತೀಯ ಕಡ್ಡಿ, ಕಿರುಬೆರಳಷ್ಟು. ಊರಿನ ಸ್ಟೇಷನ್ನಿಗಷ್ಟೇ ಸರಿ.

ಇನ್ನೊಂದು ಗಾಜಿನ ಬಲ್ಬಿನಂಥ ವಾಲ್ವುಗಳದು, ಅವು ಬ್ಯಾಟರಿಯಲ್ಲಿ ಓಡುವಂಥವು. ಹಿಂಬಾಗಿಲಿಗೇ ಸುತ್ತಿದ ಅಗಲವಾದ ಲೂಪ್ ಏರಿಯಲ್ ಒಳ್ಳೆಯದೇ. ಆದರೆ 90 ವೋಲ್ಟಿನ ಬ್ಯಾಟರಿಗೆ ಎಲ್ಲಿಗೆ ಹೋಗೋಣ?

ಮೂರನೆಯದು ಜಿಇ ಸೂಪರ್‌ರೇಡಿಯೋ. ಕಡ್ಡಿ ಸುಮಾರು 20 ಸೆಂ.ಮೀ. ಇದನ್ನೇ ತರುತ್ತೇನೆ. ಉದ್ದನೆಯ ಸ್ಟೀಲ್ ಏರಿಯಲ್ ಎಳೆಯುತ್ತಾ ಕೂರಬೇಡಿ, ಅದು ಎಫ್‌ಎಂಗೆ ಮಾತ್ರ; ಮೀಡಿಯಂ ವೇವ್ ಹಿಡಿಯುವುದು ಒಳಗಿನ ಕಡ್ಡಿ. ಅದರ ತುದಿ ಸ್ಟೇಷನ್ನಿನತ್ತ ಇದ್ದರೆ ದನಿ ಮುಳುಗುತ್ತದೆ, ಅಡ್ಡ ಇದ್ದರೆ ಏರುತ್ತದೆ. ಕಡ್ಡಿ ಸೆಟ್ಟಿನ ಅಗಲಕ್ಕೆ ಮಲಗಿದೆ, ಧಾರವಾಡ ನಮಗೆ ಹೆಚ್ಚುಕಮ್ಮಿ ಉತ್ತರಕ್ಕೆ. ಹಾಗಾಗಿ ರೇಡಿಯೋದ ಮುಖವನ್ನು ಉತ್ತರಕ್ಕೋ ದಕ್ಷಿಣಕ್ಕೋ ಮಾಡಿಡಿ.

ನಮ್ಮ ಹಳೇ ಸೆಟ್ಟಿನ ಜೊತೆ ಹೋಲಿಸುವುದಾದರೆ ಮಧ್ಯಾಹ್ನವೇ ನೋಡಿ. ರಾತ್ರಿ ದೂರದ ಸ್ಟೇಷನ್ನುಗಳು ಬಂದುಹೋಗಿ ಮೋಸವಾಗುತ್ತದೆ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್ ಆರಿಸಿ, ಕಬ್ಬಿಣದ ಕಪಾಟಿನಿಂದ ದೂರ, ಒಂದೇ ಜಾಗದಲ್ಲಿ ಒಂದಾದ ಮೇಲೊಂದು ಇಡಿ. ಎರಡನ್ನೂ ಒಟ್ಟಿಗೆ ಹಚ್ಚಬಾರದು: ಧಾರವಾಡದ 765ರಲ್ಲಿರುವ ಸೆಟ್ಟಿನ ಆಸಿಲೇಟರ್, ಅಂದರೆ ಒಳಗೇ ಅಲೆ ಹುಟ್ಟಿಸುವ ಭಾಗ, 455 ಹೆಚ್ಚಾಗಿ 1220ರಲ್ಲಿ ಓಡುತ್ತಿರುತ್ತದೆ, ಪಕ್ಕದ ಸೆಟ್ಟು ಅಲ್ಲಿ ಸಿಳ್ಳೆ ಹಾಕುತ್ತದೆ. ದನಿ ಎಷ್ಟು ಜೋರು ಎಂಬುದು ಲೆಕ್ಕಕ್ಕಿಲ್ಲ, ಅದು ಸ್ಪೀಕರಿನ ಮಾತು. ಮಾತಿನ ಹಿಂದೆ ಸೊಂಯ್ ಸದ್ದು ಎಷ್ಟಿದೆ ಅಂತ ಕಿವಿಗೊಡಿ.

ಹಳೆಯದು ಕೆಳಗೆ ಬಿದ್ದಿದ್ದರೆ ಕಡ್ಡಿ ಬಿರಿದಿದೆಯೇ ನೋಡಿ. ಫೆರೈಟ್ ಗಾಜಿನ ಹಾಗೆ ಒಡೆಯುತ್ತದೆ, ಒಡೆದರೆ ಅದರ ಮೇಲೆ ಸುತ್ತಿದ ತಂತಿಯ ಸುರುಳಿ, ಅಂದರೆ ಕಾಯಿಲಿನ ಅಳತೆ ತಪ್ಪಿ ಸೆಟ್ಟು ಕಿವುಡಾಗುತ್ತದೆ. ತುಂಡುಗಳನ್ನು ಸಂದಿಲ್ಲದಂತೆ ಫೆವಿಕ್ವಿಕ್‌ನಿಂದ ಅಂಟಿಸಿದರೆ ಬಹುಪಾಲು ಸರಿಹೋಗುತ್ತದೆ. ಮೇಣ ಹಾಕಿ ಕೂರಿಸಿದ ಕಾಯಿಲನ್ನು ಮಾತ್ರ ಜರುಗಿಸಬೇಡಿ. ಅದರ ಕೂದಲೆಳೆಯಂಥ ತಂತಿಗಳಲ್ಲಿ ನಾಲ್ಕು ತುಂಡಾದರೂ ಸೂಕ್ಷ್ಮತೆ ಇಳಿಯುತ್ತದೆ.

ಸೂಪರ್‌ರೇಡಿಯೋದ ವೈರು 120 ವೋಲ್ಟಿನದು. ಮನೆಯ ಪ್ಲಗ್ಗಿಗೆ ನೇರ ಹಾಕಿದರೆ ಸುಟ್ಟೇ ಹೋಗುತ್ತದೆ. ಟಾರ್ಚಿಗೆ ಹಾಕುವ ದೊಡ್ಡ ಸೆಲ್ಲು ಆರು ತರಿಸಿಡಿ.

ಅಮ್ಮನಿಗೆ ನಮಸ್ಕಾರ.

ನಿಮ್ಮ ಮಗ