ಮಣ್ಣಿಗೆ ಒಗ್ಗುವ ಎಣ್ಣೆಗೂ ವಯಸ್ಸಾಗುತ್ತದೆ

ಮಾನ್ಯ ಸಂಪಾದಕರೇ,

ಮರಗಸಿ (ಕಾಫಿ ತೋಟದ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಮುಗಿದ ಮೇಲೆ ಮಳೆಗಾಲವಿಡೀ ಮೂಲೆಯಲ್ಲಿದ್ದ ನಮ್ಮ ತೋಟದ ಚೈನ್ ಗರಗಸವನ್ನು ಈಚೆಗೆ ಹೊರತೆಗೆದಾಗ ಚೈನು ಕಚ್ಚಿಕೊಂಡು ಕುಳಿತಿತ್ತು. ಚೈನು ಸುತ್ತುವ ಉದ್ದನೆಯ ಪಟ್ಟಿಯಾದ ಬಾರ್‌ನ ಸೀಳಿನುದ್ದಕ್ಕೂ ಹಲಸಿನ ಮೇಣದಂಥ ಹಳದಿ ಅಂಟು ಕಟ್ಟಿತ್ತು. ಗರಗಸದ ಎಣ್ಣೆ ತೊಟ್ಟಿಯ ತಳದಲ್ಲಿ ಉಳಿದಿದ್ದ ಎಣ್ಣೆ ಕಮಟು ವಾಸನೆ ಹೊಡೆಯುತ್ತಿತ್ತು. ಮಣ್ಣಿಗೆ ಹಾನಿಯಾಗಬಾರದೆಂದು ನಾನೇ ಆರಿಸಿ ತಂದಿದ್ದ ಸಸ್ಯಜನ್ಯ ಕೀಲೆಣ್ಣೆ ಅದು.

ಆ ಆಯ್ಕೆ ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಚೈನಿಗೆ ಬಿಟ್ಟ ಎಣ್ಣೆ ಮರಳಿ ಸಿಗುವಂಥದ್ದಲ್ಲ. ಅದು ಗರಗಸದ ಹುಡಿಯೊಂದಿಗೆ ಸಿಡಿದು ಕಾಫಿ ಗಿಡದ ಬುಡಕ್ಕೆ ಬೀಳುತ್ತದೆ, ಮಳೆ ಬಂದರೆ ಹಳ್ಳ ಸೇರುತ್ತದೆ. ಅಲ್ಲಿಗೆ ಖನಿಜ ತೈಲ ಹೋಗುವುದು ನಮಗಾರಿಗೂ ಬೇಡ. ಆದರೆ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಎಣ್ಣೆಯನ್ನು ಅರಗಿಸಿಕೊಳ್ಳುವುದು ಒಂದು ಕ್ರಿಯೆ, ಡಬ್ಬಿಯಲ್ಲೇ ಎಣ್ಣೆ ಗಾಳಿ ತಾಗಿ ಹಳತಾಗುವುದು ಬೇರೆಯೇ ಕ್ರಿಯೆ ಎಂಬುದನ್ನು ಮಾರುವವರು ಹೇಳುವುದಿಲ್ಲ.

ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿರುವ ಜೋಡಿಬಂಧಗಳ (ಎರಡು ಇಂಗಾಲದ ಪರಮಾಣುಗಳ ನಡುವಿನ ಇಮ್ಮಡಿ ಕೊಂಡಿಗಳ) ನೆರೆಯಲ್ಲಿ ಆಮ್ಲಜನಕ ಸೇರಿಕೊಂಡಾಗ ಮೊದಲು ಪೆರಾಕ್ಸೈಡ್‌ಗಳೂ, ಅವು ಒಡೆದು ಕಮಟು ವಾಸನೆಯ ಆಲ್ಡಿಹೈಡ್‌ಗಳೂ ಆಮ್ಲಗಳೂ ಹುಟ್ಟುತ್ತವೆ. ಜೊತೆಗೇ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಎಣ್ಣೆ ಮಂದವಾಗಿ, ಕೊನೆಗೆ ಅಂಟಾಗುತ್ತದೆ. ಬಡಗಿ ಬಾಗಿಲಿಗೆ ಹಚ್ಚಿದ ಅಗಸೆ ಎಣ್ಣೆ ಒಣಗಿ ಗಟ್ಟಿ ಪದರವಾಗುವುದೂ ಇದೇ ಗುಣದಿಂದ. ಬಾಗಿಲಿಗೆ ವರವಾದದ್ದು ಚೈನಿಗೆ ಶಾಪ. ಬಿಸಿ, ಬೆಳಕು, ತಾಮ್ರ ಮತ್ತು ಕಬ್ಬಿಣದ ಸಂಪರ್ಕ ಈ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ನೀರು ಸೇರಿದರೆ ಎಣ್ಣೆ ಒಡೆದು ಆಮ್ಲದ ಅಂಶ ಇನ್ನಷ್ಟು ಏರುತ್ತದೆ.

ಎಲ್ಲ ಎಣ್ಣೆಗಳೂ ಒಂದೇ ವೇಗದಲ್ಲಿ ಕೆಡುವುದಿಲ್ಲ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಎರಡು ಜೋಡಿಬಂಧಗಳಿರುವ ಲಿನೋಲಿಕ್ ಆಮ್ಲವೇ ಹೆಚ್ಚು, ಹಾಗಾಗಿ ಅದು ಬೇಗ ಅಂಟಾಗುತ್ತದೆ. ಒಂದೇ ಜೋಡಿಬಂಧದ ಓಲಿಕ್ ಆಮ್ಲ ಶೇ 80ಕ್ಕೂ ಹೆಚ್ಚಿರುವ ಸೂರ್ಯಕಾಂತಿ ತಳಿಯ ಎಣ್ಣೆ ಅದಕ್ಕಿಂತ ಬಹುಕಾಲ ತಾಳುತ್ತದೆ. ನಮ್ಮ ಹಿರಿಯರು ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದ ಹರಳೆಣ್ಣೆಯಲ್ಲಿ ಶೇ 85ಕ್ಕೂ ಹೆಚ್ಚಿರುವ ರಿಸಿನೋಲಿಕ್ ಆಮ್ಲಕ್ಕೆ ಇರುವುದು ಒಂದೇ ಜೋಡಿಬಂಧ. ಆ ಎಣ್ಣೆ ಹುಟ್ಟಿನಿಂದಲೇ ಮಂದವಾದ್ದರಿಂದ ಅಚ್ಚಿನಿಂದ ಬೇಗ ಜಾರುತ್ತಲೂ ಇರಲಿಲ್ಲ.

ಆದ್ದರಿಂದ ಇಂಥ ಕೀಲೆಣ್ಣೆ ತಯಾರಿಸುವವರು ಡಬ್ಬಿಯ ಮೇಲೆ ‘ಜೈವಿಕ’ ಎಂದಷ್ಟೇ ಅಚ್ಚು ಹಾಕದೆ, ಅದು ಯಾವ ಬೀಜದ ಎಣ್ಣೆ, ಹಳತಾಗದಂತೆ ತಡೆಯುವ ಪದಾರ್ಥ ಸೇರಿಸಿದೆಯೇ, ತಯಾರಾದ ತಿಂಗಳು ಯಾವುದು, ಮುಚ್ಚಳ ತೆರೆದ ಮೇಲೆ ಎಷ್ಟು ತಿಂಗಳೊಳಗೆ ಮುಗಿಸಬೇಕು ಎಂಬುದನ್ನು ಕನ್ನಡದಲ್ಲಿ ನಮೂದಿಸಬೇಕೆಂದು ವಿನಂತಿಸುತ್ತೇನೆ. ಗರಗಸ ಬಳಸುವ ಬೆಳೆಗಾರರು ಕೆಲಸ ಮುಗಿದ ದಿನವೇ ಉಳಿದ ಎಣ್ಣೆಯನ್ನು ಬಸಿದು, ಚೈನು ಮತ್ತು ಬಾರ್ ಬಿಚ್ಚಿ ಒರೆಸಿಡಬೇಕು. ಅರ್ಧ ಖಾಲಿಯಾದ ಡಬ್ಬಿಯಲ್ಲಿ ಗಾಳಿ ತುಂಬಿಕೊಳ್ಳುವುದರಿಂದ ಎಣ್ಣೆಯನ್ನು ಚಿಕ್ಕ ಡಬ್ಬಿಗೆ ಬಗ್ಗಿಸಿ, ಬಿಗಿಯಾಗಿ ಮುಚ್ಚಿ, ತಂಪಾದ ಕತ್ತಲೆಯಲ್ಲಿಡಬೇಕು.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು